ಕೀಲಿ ತೆಗೆದರೂ ನಿಲ್ಲದ ಇಂಜಿನ್

ಜಮಖಂಡಿಯಲ್ಲಿ ಮುಧೋಳ ರಸ್ತೆಗೆ ನನ್ನ ಗ್ಯಾರೇಜು. ಬನಹಟ್ಟಿಯ ಒಬ್ಬ ಹೆಣ್ಣುಮಗಳು ತನ್ನ ದೊಡ್ಡ ಡೀಸೆಲ್ ಗಾಡಿಯನ್ನು ತಾನೇ ಓಡಿಸಿಕೊಂಡು ಬರುತ್ತಿದ್ದರು. ವಯಸ್ಸು ಐವತ್ತರ ಮೇಲೆ. ಮನೆಯ ಹಿಂದೆಯೇ ಮಗ್ಗದ ಶೆಡ್ಡು. ನೇಯಿಸಿದ ಸೀರೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಊರೂರಿನ ಅಂಗಡಿಗಳಿಗೆ ತಾವೇ ಮುಟ್ಟಿಸುವವರು. ನಾನು ಅಕ್ಕಾರ ಅನ್ನುತ್ತಿದ್ದೆ, ಅವರು ನನಗೆ ತಮ್ಮಾ ಅನ್ನುತ್ತಿದ್ದರು.

ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟಿ ಹೋಗಲು ಗಾಡಿಗೆ ದಮ್ಮು ಸಾಲುವುದಿಲ್ಲ ಎಂಬುದು ಅವರ ದೂರು. ಬೂಸ್ಟ್ ಕಂಟ್ರೋಲರ್ ಹಾಕೋಣ ಎಂದವನು ನಾನೇ.

ಆ ಇಂಜಿನ್ನಿಗೆ ಎರಡು ಟರ್ಬೊ. ಟರ್ಬೊ ಅಂದರೆ ಇಂಜಿನ್ನಿನೊಳಗೆ ಗಾಳಿ ಒತ್ತಿ ತುಂಬುವ ಚಕ್ರ. ಮೊದಲು ಚಿಕ್ಕದು ತಿರುಗುತ್ತದೆ, ವೇಗ ಬಂದ ಮೇಲೆ ದೊಡ್ಡದು ಕೂಡಿಕೊಳ್ಳುತ್ತದೆ. ಗಾಳಿ ಸಾಕಾದಾಗ ಒಂದು ತೆಳು ರಬ್ಬರ್ ಪೈಪು ಟರ್ಬೊಗೆ 'ಸಾಕು' ಎಂದು ತಿಳಿಸುತ್ತದೆ. ಕಂಟ್ರೋಲರ್ ಎಂದರೆ ಆ ಪೈಪನ್ನು ಕತ್ತರಿಸಿ ನಡುವೆ ಕೂರಿಸುವ, ಹೆಬ್ಬೆರಳಿನಷ್ಟು ದೊಡ್ಡ ಹಿತ್ತಾಳೆಯ ವಾಲ್ವು. ಅದರ ಸ್ಕ್ರೂ ತಿರುವಿದಷ್ಟೂ 'ಸಾಕು' ಎನ್ನುವುದು ತಡವಾಗುತ್ತದೆ, ಗಾಡಿಗೆ ದಮ್ಮು ಹೆಚ್ಚುತ್ತದೆ.

ಕೂರಿಸಿ, ಗಾಡಿ ಚಾಲೂ ಮಾಡಿ, ಎಕ್ಸಿಲೇಟರ್ ಒತ್ತಿ ತೋರಿಸಿದೆ. ಅಕ್ಕಾರು ಬಾನೆಟ್ ಹತ್ತಿರ ನಿಂತು ಕಣ್ಣು ಮುಚ್ಚಿದರು.

"ಇದರಾಗ ಎರಡು ದನಿ ಅದಾವಲ್ಲ ತಮ್ಮಾ, ಎರಡನೇದು ಛಲೋ ಇಲ್ಲ. ಯಾರೋ ಸಂಕಟಪಟ್ಟು ಉಸರ ಬಿಟ್ಟಂಗ ಕೇಳಸ್ತೈತಿ."

"ಹೊಸಾ ವಾಲ್ವ್ ರೀ ಅಕ್ಕಾರ. ದನಿ ಬ್ಯಾರೆ ಆಗೇ ಆಗತೈತಿ."

"ಶೆಡ್‌ನ್ಯಾಗ ಯಾವ ಮಗ್ಗ ತಪ್ಪೈತಿ ಅಂತ ನಾ ಅಡಿಗಿ ಮನ್ಯಾಗ ಕುಂತು ಹೇಳ್ತೇನಿ," ಎಂದರು. ನಾನು ನಕ್ಕುಬಿಟ್ಟೆ. ದೊಡ್ಡ ಟರ್ಬೊದ ಪೈಪು ಬಿಚ್ಚಿ, ಒಳಗಿನ ಚಕ್ರವನ್ನು ಬೆರಳಿನಿಂದ ಅಲುಗಿಸಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ.

ಅವತ್ತೇ ಅವರು ಬೀಳಗಿಗೆ ಸೀರೆ ಒಯ್ಯುವವರಿದ್ದರು. ದಾರಿಯಲ್ಲೇ ಗಾಡಿ ಹೇಗೆ ಓಡುತ್ತದೆ ನೋಡೋಣವೆಂದು ನಾನೂ ಜೊತೆಗೆ ಹೊರಟೆ. ಬೀಳಗಿಯಲ್ಲಿ ಒಂದು ಗಂಟು ಇಳಿಸಿದ ಮೇಲೆ ಅನಗವಾಡಿಯ ಕಡೆ ತಿರುಗಿದೆವು. ಅಲ್ಲೊಂದು ಹಳೆಯ ರಸ್ತೆ ಅಣೆಕಟ್ಟಿನ ಹಿನ್ನೀರಿಗೆ ಇಳಿದು ಹೋಗುತ್ತದೆ. ವಾಹನ ಇರುವುದಿಲ್ಲವೆಂದು ಅಲ್ಲಿಗೆ ಹೊರಳಿಸಲು ಹೇಳಿದವನೂ ನಾನೇ.

ನಡು ಮಧ್ಯಾಹ್ನ. ಒಂದು ನರಪಿಳ್ಳೆ ಇಲ್ಲ. ಡಾಂಬರು ನೆಟ್ಟಗೆ ಹೋಗಿ ನೀರಿನೊಳಗೆ ಸೇರಿತ್ತು. ಅದರಾಚೆಗೂ ಲೈಟಿನ ಕಂಬಗಳು ಸಾಲಾಗಿ ನೀರಿನಲ್ಲಿ ನಿಂತಿದ್ದವು. ಅಕ್ಕಾರು ಎಕ್ಸಿಲೇಟರ್ ಒತ್ತಿದರು. ಚಿಕ್ಕ ಟರ್ಬೊದ ಸಿಳ್ಳು ಬಂತು, ಅದರ ಹಿಂದೆಯೇ ದೊಡ್ಡದರದು. ಗಾಡಿ ಎದೆಗೆ ಒದ್ದ ಹಾಗೆ ಜಿಗಿಯಿತು.

"ಸಾಕ್ರಿ," ಎಂದೆ.

"ನಾ ಕಾಲ ತಗದೇನಿ ತಮ್ಮಾ."

ಕೆಳಗೆ ನೋಡಿದೆ. ಖರೆ, ಅವರ ಪಾದ ಎಕ್ಸಿಲೇಟರಿನ ಮೇಲಿರಲಿಲ್ಲ. ಸಿಳ್ಳು ಏರುತ್ತಲೇ ಇತ್ತು.

ಅವರು ಎರಡೂ ಕಾಲು ಬ್ರೇಕಿನ ಮೇಲಿಟ್ಟು ನಿಂತೇಬಿಟ್ಟರು. ನೀರಿಗೆ ನಾಲ್ಕು ಮಾರು ಇದೆ ಎನ್ನುವಾಗ ಗಾಡಿ ನಿಂತಿತು. ಆಟೋಮ್ಯಾಟಿಕ್ ಗೇರು ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಕೀಲಿ ತಿರುವಿ ಹೊರಗೆ ತೆಗೆದರು. ಕೀಲಿ ಅವರ ಅಂಗೈಯಲ್ಲಿತ್ತು. ಇಂಜಿನ್ ನಿಲ್ಲಲಿಲ್ಲ. ಮೊದಲಿಗಿಂತ ಜೋರಾಗಿ ಕಿರುಚತೊಡಗಿತು. ಹಿಂದಿನಿಂದ ಬಿಳಿ ಹೊಗೆ ಎದ್ದು ಕಂಬಗಳನ್ನು, ನೀರನ್ನು, ನಮ್ಮನ್ನು ಮುಚ್ಚಿತು.

ಅವರು ನನ್ನ ಕಡೆ ತಿರುಗಿ ಬಹಳ ಸಣ್ಣ ದನಿಯಲ್ಲಿ ಕೇಳಿದರು: "ಈಗ ಯಾರು ನಡಸಾಕತ್ತಾರ ಇದನ್ನ?"

ಏನಾಗಿದೆ ಎಂದು ನನಗೆ ಗೊತ್ತಿತ್ತು. ಟರ್ಬೊದಲ್ಲಿ ಆಯಿಲ್ ತಡೆಯುವ ಸೀಲು ಹರಿದು ಇಂಜಿನ್ ಆಯಿಲ್ ಗಾಳಿಯ ದಾರಿಗೆ ಸೇರಿತ್ತು, ಇಂಜಿನ್ ಡೀಸೆಲ್ ಬಿಟ್ಟು ತನ್ನದೇ ಆಯಿಲ್ ಉರಿಸುತ್ತಿತ್ತು. ಅದಕ್ಕೆ ಕೀಲಿಯ ಹಂಗಿಲ್ಲ, ಗಾಳಿ ಕಟ್ಟಿದರೆ ಮಾತ್ರ ನಿಲ್ಲುತ್ತದೆ. ಕೆಲಸ ಕಲಿಯುವಾಗ ಕೇಳಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಗೊತ್ತಿದ್ದೂ ನನ್ನ ಮೈಮೇಲಿನ ಕೂದಲು ಎದ್ದು ನಿಂತವು.

ಬಾನೆಟ್ ಎತ್ತಿ, ಫಿಲ್ಟರಿನಿಂದ ಬರುವ ಗಾಳಿಯ ಪೈಪು ಕಿತ್ತೆ. "ಅಕ್ಕಾರ, ಒಡೀತೈತಿ, ದೂರ ಹೋಗ್ರಿ!" ಎಂದು ಕೂಗಿದೆ. ಅವರು ಹೋಗಲಿಲ್ಲ. ಡಿಕ್ಕಿಯಿಂದ ಸೀರೆಯ ಕಟ್ಟೊಂದನ್ನು ತಂದು ನನ್ನ ಕೈಗೆ ತುರುಕಿದರು. ಪೈಪಿನ ಬಾಯಿಗೆ ಒತ್ತಿ ಹಿಡಿದೆ. ಒಳಗಿನಿಂದ ಯಾರೋ ಎರಡೂ ಕೈಯಿಂದ ಜಗ್ಗಿದಂತೆ ಕಟ್ಟು ಒಳಸರಿಯಿತು. ನನ್ನ ಕೈಗಳ ಮೇಲೆ ಅವರೂ ಕೈಯಿಟ್ಟು ಭಾರ ಬಿಟ್ಟರು. ಕಿರುಚಾಟ ನರಳಾಟವಾಯಿತು, ಗಾಡಿ ಪೂರ್ತಿ ನಡುಗಿತು, ಆಮೇಲೆ ನಿಂತಿತು.

ಗಾಳಿ ಇರಲಿಲ್ಲ, ಹೊಗೆ ಕದಲಲಿಲ್ಲ. ಬರೀ ನೀರು ಇರಬೇಕಾದ ಕಡೆಯಿಂದ ಯಾರೋ ಕೆಮ್ಮಿದರು. ಅಕ್ಕಾರು ನನ್ನ ತೋಳು ಹಿಡಿದರು. ಹೊಗೆಯೊಳಗಿಂದ ಒಂದು ತೆಪ್ಪ ಮೆಲ್ಲಗೆ ದಡಕ್ಕೆ ಬಂತು. ಮೀನಿನ ಬಲೆ ಹಾಕಿಕೊಂಡು ಒಬ್ಬ ಮುದುಕ ಕೂತಿದ್ದ. ಗಾಡಿಯನ್ನು ನೋಡಿದ, ರಸ್ತೆಯನ್ನು ನೋಡಿದ.

"ಯಾರ ಮನಿಗಿ ಹೊಂಟಿದ್ರಿ?" ಎಂದು ಕೇಳಿದ. "ಇದು ನಮ್ಮೂರ ದಾರಿ ಐತ್ರಿ."

ಹಿನ್ನೀರಿನಲ್ಲಿ ಮುಳುಗಿದ ಆ ಊರು ಅವನ ತೆಪ್ಪದ ಕೆಳಗಿತ್ತು.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಗಾಡಿ ಎಳೆಸಿಕೊಂಡು ಬಂದೆವು. ಬಿಚ್ಚಿ ನೋಡಿದರೆ ದೊಡ್ಡ ಟರ್ಬೊದ ಚಕ್ರ ಸಡಿಲ ಹಲ್ಲಿನಂತೆ ಅಲುಗುತ್ತಿತ್ತು. ಅದು ಮೊದಲೇ ಸವೆದಿತ್ತು, ನನ್ನ ವಾಲ್ವು ಕೊನೆಯ ಒದೆ ಕೊಟ್ಟಿತ್ತು. ಮುಚ್ಚಿಡಲಿಲ್ಲ.

"ನೀವು ಹೇಳಿದ್ದು ಖರೆ ಇತ್ರಿ ಅಕ್ಕಾರ. ನಾ ನೋಡಬೇಕಿತ್ತು."

ಅವರು ಬೈಯಲಿಲ್ಲ. "ಅಂಜಿದ್ದಿ ಏನು ನೀ?" ಎಂದರು.

"ಹೌದ್ರಿ."

"ನಾನೂ. ಆ ವಾಲ್ವ್ ತಗದುಬಿಡು."

ಬೇರೆ ಟರ್ಬೊ ಕೂರಿಸಿ, ಕಂಟ್ರೋಲರ್ ಕಿತ್ತು, ಹಳೆಯ ಪೈಪಿನ ಜಾಗಕ್ಕೆ ಹೊಸದು ಹಾಕಿ ಗಾಡಿ ಒಪ್ಪಿಸಿದೆ. ಅವರು ಒಬ್ಬರೇ ಹೊರಟರು. ಅವತ್ತು ಬೇರೆ ಯಾವ ಕೆಲಸಕ್ಕೂ ನನ್ನ ಕೈ ಓಡಲಿಲ್ಲ. ಸಂಜೆ ಫೋನ್ ಬಂತು.

"ಮನಿ ಮುಟ್ಟಿದ್ನಿ ತಮ್ಮಾ. ಗಾಡಿ ಬಂದ್ ಮಾಡೇನಿ," ಎಂದರು. ಆಮೇಲೆ, "ಬಂದ್ ಆತು," ಎಂದರು.