ಪೋಸ್ಟಕ್ಕನ ಬಲಹೆಗಲು

ನಾಲ್ಕು ಬೀದಿಗಳ ಜನಕ್ಕೆ ಅವಳು ಪೋಸ್ಟಕ್ಕ. ಹತ್ತೊಂಬತ್ತು ವರ್ಷ ಬಲಹೆಗಲೊಂದಕ್ಕೇ ಚೀಲ ನೇತುಹಾಕಿಕೊಂಡು ಕಂಡವರ ಮೆಟ್ಟಿಲು ಹತ್ತಿಳಿದವಳು. ಪಟ್ಟಿ ಕೂರುವ ಕಾಲರ್ ಮೂಳೆಯ ಮೇಲೆ ಚರ್ಮ ಕಪ್ಪಿಟ್ಟು ದಪ್ಪಗಾಗಿತ್ತು. ಅದು ಕನ್ನಡಿಯಲ್ಲಿ ಕಾಣುತ್ತಿತ್ತು, ಬೆನ್ನು ಕಾಣುತ್ತಿರಲಿಲ್ಲ. ತಾಯಿ ಇದ್ದಷ್ಟು ದಿನ ಬಚ್ಚಲ ಬಾಗಿಲು ತಟ್ಟಿ ಬಂದು, ಗೊಣಗುತ್ತಲೇ ಬೆನ್ನುಜ್ಜಿ ಹೋಗುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷ. ಆಮೇಲೆ ಆ ಬೆನ್ನು ನೋಡಿದವರಿಲ್ಲ.

ಒಂದು ವಾರ ಹೆಗಲು ಸಿಡಿಯುವಂಥ ನೋವು ಬಂತು. ಬಿಸಿನೀರಿನ ಬಾಟಲಿ ಒತ್ತಿಕೊಂಡು ಹಲ್ಲು ಕಚ್ಚಿ ತಡೆದಳು. ನೋವೇನೋ ಇಳಿಯಿತು, ಆದರೆ ಅಪಾರ್ಟ್‌ಮೆಂಟುಗಳ ಗೋಡೆಯಲ್ಲಿ ಮೇಲಿನ ಸಾಲಿನ ಅಂಚೆಡಬ್ಬಿಗಳಿಗೆ ಕೈ ಏಳದಾಯಿತು. ಕಾಗದ ಹಾಕುವುದು, ತಲೆ ಬಾಚುವುದು ಎಲ್ಲಾ ಎಡಗೈಯಲ್ಲೇ ಸುಧಾರಿಸಿದಳು. ವಯಸ್ಸಾಯಿತು ಅಂದುಕೊಂಡಳು. ನಲವತ್ತಾರಕ್ಕೇ?

ಕಂಡುಹಿಡಿದವಳು ಯೂನಿಫಾರ್ಮ್ ಹೊಲಿಯುವ ದರ್ಜಿ. ಹೊಸ ಅಂಗಿ ತೊಡಿಸಿ ಹಿಂದೆ ಸುತ್ತಿ ಬಂದು ನಿಂತುಬಿಟ್ಟಳು.

"ಅಕ್ಕಾ, ಬಲಗಡೆ ಬಟ್ಟೆ ಎದ್ದು ನಿಲ್ತಿದೆಯಲ್ಲ. ಅಳತೆ ತಪ್ಪಿದೆ ಅಂತ ಎರಡು ಸಲ ಬಿಚ್ಚಿ ಹೊಲಿದೆ. ತಪ್ಪು ನಂದಲ್ಲ, ನಿಮ್ಮ ಮೂಳೇದು."

ಪೋಸ್ಟಕ್ಕ ನಕ್ಕಳು. ದರ್ಜಿ ನಗಲಿಲ್ಲ. "ಮನೇಲಿ ಯಾರೂ ನೋಡಿಲ್ವಾ?" ಅಂದಳು.

ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರಮ್ಮ, "ಎರಡೂ ಕೈ ಇಟ್ಟು ಗೋಡೆ ತಳ್ಳಿ. ಅದು ಬೀಳಲ್ಲ, ಹೆದರಬೇಡಿ" ಅಂದರು. ತಳ್ಳಿದಾಗ ಅವಳದೇ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು. ಬೆನ್ನಿನ ಬಲಭಾಗದ ಹಲಗೆ ಮೂಳೆ ರೆಕ್ಕೆಯ ಹಾಗೆ ಹೊರಗೆದ್ದಿತ್ತು.

"ಈ ಹಲಗೆ ಮೂಳೆಗೆ ಎದೆಗೂಡಿನ ಜೊತೆ ನಂಟು ಅಂತ ಇರೋದು ಮುಂದಿನ ಕಾಲರ್ ಮೂಳೆ ಒಂದರಿಂದಾನೇ. ಮಿಕ್ಕಿದ್ದೆಲ್ಲ ಸ್ನಾಯುಗಳು ಹಿಡ್ಕೊಂಡಿರೋದು. ಅದನ್ನ ಪಕ್ಕೆಲುಬಿಗೆ ಒತ್ತಿ ಹಿಡಿಯೋ ಸ್ನಾಯುವಿಗೆ ಕತ್ತಿನಿಂದ ಒಂದು ಉದ್ದನೆಯ ನರ ಇಳಿದು ಬರುತ್ತೆ. ಚೀಲದ ಭಾರಕ್ಕೆ ಅದು ನಲುಗಿದೆ. ಮೂಳೆಗೇನೂ ಆಗಿಲ್ಲ, ಹಿಡಿಯೋರಿಲ್ಲ ಅಷ್ಟೇ."

"ಸರಿಹೋಗುತ್ತಾ?"

"ಹೆಚ್ಚಿನವರಿಗೆ ಹೋಗುತ್ತೆ. ಆದ್ರೆ ನರ ಅವಸರ ಮಾಡಲ್ಲ. ಒಂದು ವರ್ಷ ಆದೀತು, ಎರಡೂ ಆದೀತು. ಚೀಲ ಮಾತ್ರ ಮುಟ್ಟಬೇಡಿ."

ಬಸ್ಸಿನಲ್ಲಿ ಕೂತು ಫೋಟೋವನ್ನು ಮತ್ತೆ ಮತ್ತೆ ದೊಡ್ಡದು ಮಾಡಿ ನೋಡಿದಳು. ಮೂಳೆಯ ಕೆಳಗೆ ಹುಣಸೆಬೀಜದಷ್ಟು ಮಚ್ಚೆಯೊಂದಿತ್ತು. ಹುಟ್ಟಿದಾಗಿನಿಂದ ಇದ್ದಿರಬೇಕು. ಅಮ್ಮ ಒಂದು ದಿನವೂ ಹೇಳಿರಲಿಲ್ಲ.

ಅವಳನ್ನು ಕಾಗದ ವಿಂಗಡಿಸುವ ಕೋಣೆಗೆ ಹಾಕಿದರು. ಅಲ್ಲಿ ಯಂತ್ರದ್ದೇ ಮಾತು. ಮನೆಯಲ್ಲಿ ವ್ಯಾಯಾಮ. ವ್ಯಾಯಾಮ ಕಲಿಸಿದವನು, "ಮನೆಯವರು ಯಾರಾದ್ರೂ ಅಂಗೈ ಇಟ್ಟು ಹಲಗೆ ಮೂಳೆ ಒತ್ತಿ ಹಿಡೀಲಿ" ಅಂದಿದ್ದ. ಅವಳು ಹೂಂಗುಟ್ಟಿ ಬಂದು, ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿ, ಆ ಕೆಲಸ ನೆಲಕ್ಕೇ ಒಪ್ಪಿಸಿ, ಕೈಯನ್ನು ಸೂರಿನ ಕಡೆಗೆ ಚಾಚುತ್ತಿದ್ದಳು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಹತ್ತನೆಯ ತಿಂಗಳು ಒಂದು ಬೆಳಿಗ್ಗೆ, ಬಾಚಣಿಗೆ ಬಲಗೈಯಲ್ಲಿರುವುದು ಬೈತಲೆ ತೆಗೆದಾದ ಮೇಲೆ ಗಮನಕ್ಕೆ ಬಂತು.

ಮತ್ತೆ ಬೀದಿಗಿಳಿದಳು, ಈ ಸಲ ಚಕ್ರದ ಗಾಡಿ ತಳ್ಳಿಕೊಂಡು. "ರಜೆ ಹಾಕಿದ್ರಾ?" ಎಂದು ಒಬ್ಬರು ಕೇಳಿದರು. ಉಳಿದವರು ಸಹಿ ಹಾಕಿ ಕಾಗದ ತಗೊಂಡರು.

ಮೂಳೆ ಪೂರ್ತಿ ಒಳಗೆ ಕೂತಿದೆಯೋ ಇಲ್ಲವೋ ಎಂಬ ಅನುಮಾನ ಮಾತ್ರ ಕೊರೆಯುತ್ತಿತ್ತು. ಒಂದು ಭಾನುವಾರ, ನಮಸ್ಕಾರದಾಚೆಗೆ ಮಾತೇ ಇರದಿದ್ದ ಎದುರುಮನೆಯ ಹೆಂಗಸಿನ ಬಾಗಿಲು ತಟ್ಟಿ, ಬೆನ್ನಿನ ಮೂಳೆ ಎದ್ದಿದೆಯಾ ನೋಡಿ ಹೇಳಿ ಎಂದಳು. ಆಕೆ ಒದ್ದೆ ಕೈ ಒರೆಸಿಕೊಂಡು, ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಬೆರಳಿನಿಂದ ಮೂಳೆಯ ಅಂಚನ್ನು ಮೆಲ್ಲಗೆ ಸವರಿ ನೋಡಿದಳು.

"ಒಂಚೂರು ಎದ್ದಿದೆ. ಹೇಳಿದ್ರೆ ಮಾತ್ರ ಗೊತ್ತಾಗುತ್ತೆ. ಕೂತ್ಕೊಳ್ಳಿ, ಚಹಾ ಇಡ್ತೀನಿ."

"ಅಯ್ಯೋ ಬೇಡ, ಕೆಲಸ ಬೇಕಾದಷ್ಟಿದೆ" ಅಂದುಬಿಟ್ಟಳು ಪೋಸ್ಟಕ್ಕ.

ಮನೆಗೆ ಬಂದು ನೋಡಿದರೆ ಮಾಡಲು ಒಂದು ಕೆಲಸವೂ ಇರಲಿಲ್ಲ.