ಮಗಳ ಉಸಿರಿನಲ್ಲಿ ಅಸಿಟೋನ್

ಹೊನ್ನಾವರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಬ್ಯೂಟಿ ಪಾರ್ಲರ್. ಉಗುರಿನ ಬಣ್ಣ ತೆಗೆಯಲು ಅಸಿಟೋನ್ ದಿನವೂ ಬೇಕು. ಹತ್ತಿಯಲ್ಲಿ ಅದ್ದಿ ಒತ್ತಿದರೆ ಉಗುರು ತಣ್ಣಗಾಗುತ್ತದೆ, ಬಣ್ಣ ಕರಗುತ್ತದೆ, ನೋಡುತ್ತಿದ್ದಂತೆ ಅದೂ ಗಾಳಿಗೆ ಹಾರಿಹೋಗುತ್ತದೆ. ಬೆಂಕಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುವ ವಸ್ತುವಾದ್ದರಿಂದ ಬಾಟಲಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಸಿಹಿಯಾಗಿ ಬಂದು ಮೂಗಿಗೆ ಚುಚ್ಚುವ ಅದರ ವಾಸನೆ ನನಗೆ ನಿದ್ದೆಯಲ್ಲೂ ಗೊತ್ತು.

ಒಂಬತ್ತನೇ ತರಗತಿ ಓದುತ್ತಿದ್ದ ಮಗಳು ಆ ಬೇಸಿಗೆಯಲ್ಲಿ ಸೊರಗಿದ್ದಳು. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಸೆಖೆಗೆ ಹಾಗಾಗಿದೆ ಎಂದುಕೊಂಡೆವು. ಒಂದು ಬೆಳಿಗ್ಗೆ ವಾಂತಿ ಶುರುವಾಯಿತು. ಗಂಜಿ ಕುಡಿಸಲು ಹೋದರೆ ಓಡಿ ಬಂದವಳಂತೆ ಏದುಸಿರು ಬಿಡುತ್ತಿದ್ದಳು. ಬಾಯಿಂದ ಅದೇ ವಾಸನೆ.

"ಎಂತ ಕುಡಿದೆ? ಖರೆ ಹೇಳು!"

"ಎಂತದೂ ಇಲ್ಲ ಆಯಿ. ನೀರು ಕೊಡು."

ಕಪಾಟಿಗೆ ಓಡಿದೆ. ಬೀಗ ಹಾಕಿದಂತೆಯೇ ಇತ್ತು. ಹೊಸ ಬಾಟಲಿಯ ಸೀಲೂ ಒಡೆದಿರಲಿಲ್ಲ. ಕುಡಿಯದೆ ಈ ವಾಸನೆ ಅವಳೊಳಗೆ ಎಲ್ಲಿಂದ ಬಂತು?

ಗಂಡ ರಿಕ್ಷಾ ತಂದರು. ಆಸ್ಪತ್ರೆಯಲ್ಲಿ ಡಾಕ್ಟರಮ್ಮನಿಗೆ ವಾಸನೆಯ ವಿಷಯ ಹೇಳಿದೆ. ಅವರು ಮಗಳ ಮುಖದ ಹತ್ತಿರ ಬಗ್ಗಿದವರು ಕೂಡಲೇ ಬೆರಳು ಚುಚ್ಚಿ ರಕ್ತ ನೋಡಿದರು. ಮೀಟರಿನಲ್ಲಿ ಅಂಕಿಯೇ ಬರಲಿಲ್ಲ.

"ಸಕ್ಕರೆ ಅಳತೆ ಮೀರಿದೆ. ಇನ್ಸುಲಿನ್ ಇಲ್ಲದೆ ಸಕ್ಕರೆ ಮೈಗೆ ಹತ್ತುತ್ತಿಲ್ಲ. ಅದಕ್ಕೇ ದೇಹ ಕೊಬ್ಬು ಸುಡ್ತಾ ಇದೆ, ಅದರಿಂದ ಒಳಗೇ ಅಸಿಟೋನ್ ಆಗ್ತದೆ. ಇಲ್ಲಿ ಐಸಿಯು ಇಲ್ಲ, ದೊಡ್ಡಾಸ್ಪತ್ರೆಗೆ ಹೊರಡಿ."

"ಜೀವಕ್ಕೆ ಎಂತ ಆಗೂದಿಲ್ಲ ಅಲ್ದಾ?" ಎಂದು ಗಂಡ ಕೇಳಿದರು.

"ತಡ ಮಾಡ್ಬೇಡಿ" ಎಂದಷ್ಟೇ ಹೇಳಿದರು.

ಸಲೈನ್ ಹಾಕಿ ಆಂಬುಲೆನ್ಸ್ ಹತ್ತಿಸಿದರು. ಮುರ್ಡೇಶ್ವರದ ಕ್ರಾಸ್ ದಾಟುವಾಗ ಮಗಳು ಕಣ್ಣು ಮುಚ್ಚಿದಳು, ಕೂಗಿದರೂ ತೆರೆಯಲಿಲ್ಲ. ಭಟ್ಕಳದ ಪೇಟೆಯಲ್ಲಿ ಲಾರಿಗಳು ಅಡ್ಡ ನಿಂತಿದ್ದವು. ಸೈರನ್ ಒಂದೇ ಸಮ ಅರಚುತ್ತಿತ್ತು. ನಾನು ಅವಳ ಬಾಯಿಗೆ ಮುಖ ತಾಗಿಸಿಯೇ ಕೂತೆ. ವಾಸನೆ ಬಂದರೆ ಹೆದರಿಕೆ. ಬಾರದಿದ್ದರೆ ಉಸಿರೇ ನಿಂತಿತೇನೋ ಎಂಬ ಇನ್ನೂ ದೊಡ್ಡ ಹೆದರಿಕೆ.

ಐಸಿಯುವಿನಲ್ಲಿ ಇನ್ಸುಲಿನ್ ಹನಿಹನಿಯಾಗಿ ಇಳಿಯಿತು. ಮರುದಿನ ಅವಳು "ಆಯಿ, ಹಸಿವು" ಎಂದಾಗ ನಾನು ಗೋಡೆಗೆ ಒರಗಿ ಅತ್ತೆ.

ಈಗ ಅವಳು ಹೊಟ್ಟೆಗೆ ತಾನೇ ಇಂಜೆಕ್ಷನ್ ಚುಚ್ಚಿಕೊಂಡು, ಬಸ್ಸಿನಲ್ಲಿ ಕುಮಟಾದ ಕಾಲೇಜಿಗೆ ಹೋಗುತ್ತಾಳೆ. ಮಧ್ಯಾಹ್ನ ಫೋನ್ ಮಾಡುತ್ತೇನೆ. ಅವಳು ಎತ್ತುವವರೆಗೆ ನನ್ನಿಂದ ಯಾವ ಕೆಲಸವೂ ಆಗುವುದಿಲ್ಲ.