ಅತ್ತೆ ಹಿಡಿದ ಹುಟ್ಟು

ಕಾರಿನಲ್ಲಿ ಒಂದೂವರೆ ಗಂಟೆಯಲ್ಲಿ ಮುಟ್ಟಬಹುದಾದ ಅಬುಧಾಬಿಗೆ ನಾವು ರಾತ್ರಿಯಿಡೀ ಹಡಗಿನಲ್ಲಿ ಹೋದೆವು. ದುಬೈಯಿಂದ ಹೊರಡುವ ಚಳಿಗಾಲದ ಕ್ರೂಸ್ ಎಂದರೆ ಹೀಗೆಯೇ. ಊರು ಹೊಸದಾಗಿರಬೇಕಾಗಿಲ್ಲ, ಹೋಗುವ ದಾರಿ ಹೊಸದಾದರೆ ಸಾಕು. ಟಿಕೆಟ್ ತೆಗೆದವಳು ನಾನು. ದಡಕ್ಕಿಳಿದ ಮೇಲೆ ಏನೇನು ಮಾಡಬೇಕೆಂದು ಆರಿಸಿದವಳೂ ನಾನೇ: ಬೆಳಿಗ್ಗೆ ಮ್ಯಾಂಗ್ರೋವ್ ಕಾಡಿನ ನೀರಿನಲ್ಲಿ ಕಯಾಕ್ ಎಂಬ ಪುಟ್ಟ ದೋಣಿ, ಮಧ್ಯಾಹ್ನ ಕಡಲ ದಂಡೆಯ ಕಾರ್ನಿಷ್ ರಸ್ತೆಯಲ್ಲಿ ಸೈಕಲ್. ದುಬೈಯ ಸಿಲಿಕಾನ್ ಓಯಸಿಸ್‌ನ ಆಫೀಸಿನಲ್ಲಿ ಹತ್ತು ಜನರಿಗೆ ಕೆಲಸ ಹಂಚುವವಳಿಗೆ ಮನೆಯ ಮೂವರ ರಜೆ ಯಾವ ದೊಡ್ಡ ಮಾತು? ನಾನು ಪ್ಲಾನ್ ಮಾಡಿದರೆ ಅದು ತಪ್ಪುವುದಿಲ್ಲ. ಇದು ಜಂಬವಲ್ಲ, ಮನೆಯವರೆಲ್ಲ ಒಪ್ಪಿಕೊಂಡ ಸಂಗತಿ.

ತಪ್ಪಿದ್ದು ಗಂಡನಿಂದ. ಹಡಗು ಸ್ವಲ್ಪ ಓಲಾಡಿದ್ದಕ್ಕೇ ವಾಂತಿ ಮಾಡಿಕೊಂಡು, ಬೆಳಿಗ್ಗೆ ಕ್ಯಾಬಿನ್‌ನಲ್ಲಿ ಮುಸುಕು ಹಾಕಿ ಮಲಗಿಬಿಟ್ಟರು. "ಅಮ್ಮನನ್ನು ನೋಡ್ಕೊ" ಎಂದಷ್ಟೇ ಹೇಳಿದರು. ನೋಡಿಕೊಳ್ಳುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅತ್ತೆಗೆ ಸೀರೆಯ ಮೇಲೆ ಸ್ವೆಟರ್ ತೊಡಿಸಿ, ಕಿವಿ ಮುಚ್ಚುವಂತೆ ಮಂಕಿ ಕ್ಯಾಪ್ ಹಾಕಿಸಿ ಹಡಗಿನವರು ಗೊತ್ತು ಮಾಡಿದ ಬಸ್ಸು ಹತ್ತಿಸಿದೆ. ಜನವರಿಯ ಗಾಳಿ ಜೋರಾಗಿತ್ತು. ನಮ್ಮ ಜೊತೆಗಿದ್ದ ಜರ್ಮನ್ ದಂಪತಿ ಚಡ್ಡಿಯಲ್ಲಿ ಹಾಯಾಗಿದ್ದರು. ಮೈಸೂರಿನಲ್ಲಿ ಹುಟ್ಟಿದ ನಾನು ಹನ್ನೊಂದು ವರ್ಷದ ದುಬೈ ವಾಸದಿಂದ ಹದಿನೇಳು ಡಿಗ್ರಿಗೇ ನಡುಗುವವಳಾಗಿದ್ದೆ.

ಜೆಟ್ಟಿಯಲ್ಲಿ ಲೈಫ್ ಜಾಕೆಟ್ ಹಂಚುತ್ತಿದ್ದ ಫಿಲಿಪಿನೋ ಗೈಡ್ ಹೆಂಗಸು ಅತ್ತೆಯ ಕಡೆ ನೋಡಿ, ಇವರೂ ಬರುತ್ತಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ, ಅವರು ಬಸ್ಸಿನಲ್ಲೇ ಇರುತ್ತಾರೆ ಎಂದು ನಾನೇ ಉತ್ತರ ಕೊಟ್ಟೆ.

ಅತ್ತೆ ನೀರನ್ನೂ ಅದರಲ್ಲಿ ನಿಂತ ಮ್ಯಾಂಗ್ರೋವ್ ಗಿಡಗಳನ್ನೂ ನೋಡುತ್ತಿದ್ದರು. ಉಡುಪಿ ಕಡೆಯವರು. "ಇದು ನಮ್ಮ ಕಾಂಡ್ಲಾ ಗಿಡ ಅಲ್ವಾ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನೂ ಬರ್ತೇನೆ" ಎಂದರು.

"ಬೇಡಿ ಅತ್ತೆ, ನೀರು ತಣ್ಣಗಿದೆ. ನೆಗಡಿ ಆಗುತ್ತೆ. ಬಸ್ಸಲ್ಲಿ ಆರಾಮಾಗಿ ಕೂತಿರಿ."

"ಆರಾಮ ಸಾಕು. ನನಗೆ ದೋಣಿಯಲ್ಲಿ ಹೋಗ್ಬೇಕು."

ಆರು ವರ್ಷಗಳಿಂದ ನಮ್ಮ ಜೊತೆಗಿರುವ ಅತ್ತೆ ತಮಗೆ ಇಂಥದ್ದು ಬೇಕು ಎಂದದ್ದು ನನಗೆ ನೆನಪಿರಲಿಲ್ಲ. ಆದರೂ ನಾನು ಒಪ್ಪುತ್ತಿರಲಿಲ್ಲ. ಒಪ್ಪಿಸಿದ್ದು ಗೈಡ್. ಎಲ್ಲವೂ ಇಬ್ಬರು ಕೂರುವ ಕಯಾಕ್‌ಗಳು, ಗಾಳಿ ಇರುವಾಗ ಒಬ್ಬರನ್ನೇ ಬಿಡುವುದಿಲ್ಲ ಎಂದಳು. ಅತ್ತೆಯನ್ನು ಬಿಟ್ಟರೆ ನಾನೂ ಬಸ್ಸಿನಲ್ಲೇ ಕೂರಬೇಕು. ಅದು ನನ್ನ ಪ್ಲಾನಿನಲ್ಲಿರಲಿಲ್ಲ.

ಅತ್ತೆ ಚಪ್ಪಲಿ ಬಿಟ್ಟು, ಸೀರೆಯನ್ನು ಎತ್ತಿ ಕಟ್ಟಿ, ಮಂಕಿ ಕ್ಯಾಪಿನ ಸಮೇತ ಹಿಂದಿನ ಸೀಟಿನಲ್ಲಿ ಕೂತರು. ದಿಕ್ಕು ಹಿಡಿಯುವವರು ಅಲ್ಲಿ ಕೂರಬೇಕೆಂದು ಗೈಡ್ ಹೇಳಿದ್ದಳು. ನಾನು ತಕರಾರು ಮಾಡದೆ ಮುಂದೆ ಕೂತೆ. ಹೇಗೂ ಹುಟ್ಟು ಹಾಕುವವಳು ನಾನೇ ತಾನೇ, ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುವವಳು!

ಹೋಗುವಾಗ ಗಾಳಿ ಬೆನ್ನಿಗಿತ್ತು, ಎಲ್ಲವೂ ಸಲೀಸಾಯಿತು. ತಿರುಗಿ ಬರುವಾಗ ಅದೇ ಗಾಳಿ ಮುಖಕ್ಕೆ ಹೊಡೆಯಿತು. ನಾನು ಬಲವಾಗಿ ಹುಟ್ಟು ಹಾಕಿದಷ್ಟೂ ಕಯಾಕ್ ಅಡ್ಡಡ್ಡ ತಿರುಗಿತು. ಜರ್ಮನ್ ದಂಪತಿ ಆಗಲೇ ಕಾಲುವೆಯ ನಡುವಿಗೆ ಸರಿದು ಗರಗರ ಸುತ್ತುತ್ತಿದ್ದರು. ನನಗೆ ನಿಜವಾಗಿಯೂ ಭಯವಾಯಿತು.

"ನೀನು ಹುಟ್ಟು ಮೇಲೆ ತೆಗಿ. ಸುಮ್ಮನೆ ಕೂತ್ಕೊ" ಎಂದರು ಅತ್ತೆ.

ನನಗೆ ಹಾಗೆ ಯಾರೂ ಹೇಳುವುದಿಲ್ಲ. ಆದರೂ ತೆಗೆದೆ.

"ಗಾಳಿಗೆ ನಡು ನೀರಿಗೆ ಹೋಗ್ಲಿಕ್ಕಿಲ್ಲ. ಗಿಡದ ಬುಡಕ್ಕೆ ತಾಗಿಕೊಂಡೇ ಹೋಗ್ಬೇಕು."

ಹಿಂದಿನಿಂದ ಅವರ ಹುಟ್ಟಿನ ಸಣ್ಣ ಸದ್ದು, ಒಮ್ಮೆ ಎಡಕ್ಕೆ, ಎರಡು ಸಲ ಬಲಕ್ಕೆ. ಕಯಾಕ್ ನೆಟ್ಟಗಾಗಿ ಬೇರುಗಳ ಮರೆಗೆ ಸರಿಯಿತು. ಅಲ್ಲಿ ಗಾಳಿಯೇ ಇರಲಿಲ್ಲ. ಗೈಡ್ ಜರ್ಮನ್ ದಂಪತಿಯ ಕಯಾಕಿಗೆ ಹಗ್ಗ ಕಟ್ಟಿ ಎಳೆದು ತರುವಷ್ಟರಲ್ಲಿ ನಾವು ಜೆಟ್ಟಿ ಮುಟ್ಟಿ ಕಾಲು ಒರೆಸಿಕೊಳ್ಳುತ್ತಿದ್ದೆವು.

ಗೈಡ್ ನನ್ನ ಹತ್ತಿರ ಬಂದು, ಇವರು ಇದನ್ನು ಎಲ್ಲಿ ಕಲಿತರು ಎಂದು ಕೇಳಿದಳು. ನಾನು ಅಭ್ಯಾಸದಂತೆ ಬಾಯಿ ತೆರೆದೆ. ಹೇಳಲು ನನಗೇನೂ ಗೊತ್ತಿರಲಿಲ್ಲ.

ಅತ್ತೆಯನ್ನೇ ಕೇಳಿದೆ. ಅವರ ತವರು ಹೊಳೆಯ ನಡುವಿನ ಒಂದು ಕುದ್ರುವಿನಲ್ಲಂತೆ, ಸುತ್ತಲೂ ನೀರಿರುವ ಪುಟ್ಟ ದ್ವೀಪ. ತಂಗಿಯರನ್ನು ದಿನವೂ ದೋಣಿಯಲ್ಲಿ ದಾಟಿಸಿ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದವರು ಇವರೇ. ಮದುವೆಯಾಗಿ ಪೇಟೆ ಮನೆಗೆ ಬಂದ ಮೇಲೆ ಹುಟ್ಟು ಮುಟ್ಟಿರಲಿಲ್ಲ.

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ ಅತ್ತೆ?"

ಅವರು ಮಂಕಿ ಕ್ಯಾಪ್ ತೆಗೆದು ನನ್ನ ಕೈಗೆ ಕೊಟ್ಟು ನಕ್ಕರು. "ನೀನು ಕೇಳುವುದು ಮಾತ್ರೆ ತಗೊಂಡ್ರಾ ಅಂತ ಮಾತ್ರ ಅಲ್ವಾ?"

ಕೋಪದಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ, ಅದರಲ್ಲಿ ನಾನು ಹಿಂದೆ ಬೀಳುವವಳಲ್ಲ. ಅವರು ನಗುತ್ತಾ ಹೇಳಿದ್ದರಿಂದ ತುಂಬಾ ನಾಚಿಕೆಯಾಯಿತು.

ಮಧ್ಯಾಹ್ನ ಉಳಿದವರೆಲ್ಲ ಸೈಕಲ್ ಹತ್ತಿದರು. ನಾನು ಕಾರ್ನಿಷ್‌ನ ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತು, ಹೊಳೆ ಎಷ್ಟು ಅಗಲವಿತ್ತು ಎಂದು ಕೇಳಿದೆ. ಅವರು ಹೇಳತೊಡಗಿದರು. ಬಸ್ಸಿನವನು ಎರಡು ಸಲ ಹಾರ್ನ್ ಹೊಡೆದಾಗ ಅವರ ಕಥೆ ಇನ್ನೂ ಮದುವೆಯ ಹಿಂದಿನ ವರ್ಷಕ್ಕೂ ಬಂದಿರಲಿಲ್ಲ.